ಗಂಡು ದನಿ, ಹೆಣ್ಣು ದನಿ ಕೂಡಿ ಹಾಡಿದರೆ ಅದು ಯುನಿಸನ್ನೇ, ಅಲ್ಲವೇ?

ಹೇಮಾವತಿ ದಂಡೆ (ಹಾಸನ)
ಎಲ್ಲರಿಗೂ ನಮಸ್ಕಾರ. ಒಂದು ಜಗಳ ಬಗೆಹರಿಸಿಕೊಡಿ.

ರಾಜ್ಯೋತ್ಸವಕ್ಕೆ ನಾಡಗೀತೆ ಹಾಡಬೇಕು ಅಂತ ನಮ್ಮ ಬಡಾವಣೆಯಲ್ಲಿ ಒಂದು ಗುಂಪು ಕಟ್ಟಿದ್ದೇವೆ. ಗಂಡಸರು, ಹೆಂಗಸರು, ಹೈಸ್ಕೂಲ್ ಮಕ್ಕಳು ಎಲ್ಲ ಇದ್ದಾರೆ. ಒಬ್ಬ ಸಂಗೀತದ ಟೀಚರ್ ಬಿಟ್ಟರೆ ಉಳಿದವರು ಬಚ್ಚಲುಮನೆ ಗಾಯಕರು. ಕೀಬೋರ್ಡ್ ಹುಡುಗ "ಪಾರ್ಟ್ಸ್ ಗೀರ್ಟ್ಸ್ ಏನೂ ಬೇಡ, ಎಲ್ಲರೂ ಒಂದೇ ಸ್ವರ ಹಿಡಿದು ಯುನಿಸನ್‌ನಲ್ಲಿ ಹಾಡಿ ಸಾಕು" ಅಂದ. ಟೀಚರ್ ಸುಮ್ಮನಿರಲಿಲ್ಲ. "ಗಂಡಸರು ಒಂದು ಸ್ಥಾಯಿ ಕೆಳಗೆ, ನಾವು ಒಂದು ಸ್ಥಾಯಿ ಮೇಲೆ. ಯುನಿಸನ್ ಎಲ್ಲಿಂದ ಬಂತು?" ಅಂದರು. "ಅದನ್ನೂ ಯುನಿಸನ್ ಅಂತಲೇ ಕರೆಯುತ್ತಾರೆ ಮೇಡಂ" ಅಂತ ಅವನು. ಟೀ ಆರಿತು, ವಾದ ಆರಲಿಲ್ಲ. ಹಾಡು ಶುರುವಾಗಲೇ ಇಲ್ಲ.

ಇಬ್ಬರಲ್ಲಿ ಯಾರು ಸರಿ? ಜೊತೆಗೆ, ಇಂಥ ಮಿಶ್ರ ಗುಂಪಿಗೆ ಯಾವ ಶ್ರುತಿ ಇಡಬೇಕು? ಬಿಳಿ 1 (ಹಾರ್ಮೋನಿಯಂನ ಮೊದಲ ಬಿಳಿ ಕೀ, ಅಂದರೆ C) ಇಟ್ಟರೆ ಹೆಂಗಸರು ಮೇಲೆ ಕಿರುಚುತ್ತಾರೆ. ಬಿಳಿ 5 ಇಟ್ಟರೆ ಗಂಡಸರ ದನಿ ಹೊಟ್ಟೆಯೊಳಗೆ ಹೋಗುತ್ತದೆ.

ಘಾಟಿ ರಸ್ತೆ (ಸಕಲೇಶಪುರ)
ಇಷ್ಟು ಮುಂಚೆಯೇ ಅಭ್ಯಾಸವಾ? ನಮ್ಮ ಕಡೆ ಅಕ್ಟೋಬರ್ 31ರ ರಾತ್ರಿ ಶುರು ಮಾಡುತ್ತೇವೆ.

ಲ್ಯಾಬ್ ಕೋಟು (ಹಾಸನ)
ಲೆಕ್ಕದಲ್ಲಿ ನೋಡಿದರೆ ಟೀಚರ್ ಸರಿ. ಎರಡು ದನಿಗಳ ಕಂಪನ ಒಂದೇ ಆಗಿದ್ದರೆ, ಅಂದರೆ 1:1 ಇದ್ದರೆ ಯುನಿಸನ್. ಒಂದು 220, ಇನ್ನೊಂದು 440 ಹರ್ಟ್ಜ್ ಆದರೆ ಅದು 2:1, ಒಂದು ಪೂರ್ತಿ ಸ್ಥಾಯಿಯ ಅಂತರ.

ಆದರೆ ಕಿವಿ ಲೆಕ್ಕದ ಪುಸ್ತಕ ಓದಿಲ್ಲ. 220ರ ದನಿ ಬಂದಾಗ ಅದರ ಜೊತೆಗೆ 440, 660, 880, 1100, 1320 ಅಂತ ಉಪಸ್ವರಗಳೂ ಸಣ್ಣಗೆ ಬರುತ್ತವೆ. 440ರ ದನಿಯಲ್ಲಿ ಇರುವುದು 440, 880, 1320. ಇವೆಲ್ಲ ಮೊದಲಿನ ಪಟ್ಟಿಯಲ್ಲಿ ಆಗಲೇ ಇವೆ. ಹೆಣ್ಣುದನಿ ಸೇರಿದಾಗ ಹೊಸದಾಗಿ ಏನೂ ಬರಲಿಲ್ಲ, ಇದ್ದದ್ದೇ ಗಟ್ಟಿಯಾಯಿತು. ಅದಕ್ಕೇ ಎರಡೂ ಬೆರೆತು ಒಂದೇ ಅನ್ನಿಸುತ್ತದೆ. ಹಾಗಾಗಿ ಆ ಹುಡುಗನೂ ಪೂರ್ತಿ ತಪ್ಪಲ್ಲ.

ಕಪ್ಪುಬಿಳಿ ಮನೆ (ಹಾಸನ)
ಆ ಕೀಬೋರ್ಡ್ ಹುಡುಗ ನಾನಲ್ಲ, ಆದರೆ ನಾನೂ ಕೀಬೋರ್ಡ್ ಹುಡುಗನೇ. ಚರ್ಚ್ ಕಾಯರ್‌ನಲ್ಲಿ ನುಡಿಸುತ್ತೇನೆ. ನಮ್ಮ ಹಾಳೆಯಲ್ಲಿ ನಾಲ್ಕು ಪಾಲು ಬರೆದಿರುತ್ತಾರೆ. ನಡುವೆ ಒಂದು ಸಾಲಿಗೆ ಯುನಿಸನ್ ಅಂತ ಗುರುತು ಬಂದರೆ, "ನಿಮ್ಮ ನಿಮ್ಮ ಪಾಲು ಬಿಡಿ, ಎಲ್ಲರೂ ಮುಖ್ಯ ರಾಗ ಹಾಡಿ" ಅಂತ ಅರ್ಥ. ಆಗ ಗಂಡಸರು ತಾವಾಗಿಯೇ ಕೆಳ ಸ್ಥಾಯಿಯಲ್ಲಿ ಹಾಡುತ್ತಾರೆ. ಯಾರೂ ಎದ್ದು ನಿಂತು "ಇದು 2:1" ಅನ್ನುವುದಿಲ್ಲ.

ಇನ್ನೊಂದು ವಿಷಯ. ಡಬಲ್ ರೀಡ್ ಹಾರ್ಮೋನಿಯಂ ತೆಗೆದುಕೊಳ್ಳಿ. ಒಂದು ಮನೆ (ಕೀ) ಒತ್ತಿದರೆ ಒಳಗೆ ಎರಡು ರೀಡ್ ನುಡಿಯುತ್ತವೆ, ಸಾಮಾನ್ಯವಾಗಿ ಒಂದು ಕೆಳ ಸ್ಥಾಯಿಯದು. ಕೇಳಿದವರೆಲ್ಲ "ಸ" ಕೊಟ್ಟರು ಅಂತಾರೆ. "ಎರಡು ಸ ಕೊಟ್ಟರು" ಅಂತ ಯಾರಾದರೂ ಅಂದಿದ್ದು ಕೇಳಿದ್ದೀರಾ?

ಸರಳೆ ಜಂಟಿ (ಚಿಕ್ಕಮಗಳೂರು)
ನಾನೂ ಮಕ್ಕಳಿಗೆ ಸಂಗೀತ ಹೇಳಿಕೊಡುವವಳು, ಹಾಗಾಗಿ ಆ ಟೀಚರ್ ಪರ ನಿಲ್ಲಬೇಕಾಗುತ್ತದೆ. ಆದರೆ ನಮ್ಮ ಪದ್ಧತಿಯಲ್ಲಿ ಈ ಜಗಳವೇ ಬರಬಾರದು. ಕೆಳಗೆ ಮಂದ್ರದಲ್ಲಿದ್ದರೂ ಷಡ್ಜ, ಅಂದರೆ ಸ, ಷಡ್ಜವೇ, ಮಧ್ಯದಲ್ಲಿದ್ದರೂ ಷಡ್ಜವೇ, ತಾರದಲ್ಲಿದ್ದರೂ ಷಡ್ಜವೇ. ಸ್ವರ ಒಂದು, ಸ್ಥಾಯಿ ಬೇರೆ. ಒಂದೇ ಸ್ವರ ಹಾಡುತ್ತಿದ್ದಾರಾ ಅಂದರೆ ಹೌದು. ಒಂದೇ ಸ್ಥಾಯಿಯಲ್ಲಾ ಅಂದರೆ ಅಲ್ಲ.

ಗುಂಪು ನಡೆಸುವವರಿಗೆ ಇದಕ್ಕಿಂತ ದೊಡ್ಡ ತಲೆನೋವು ಬೇರೆ ಇದೆ. ಮಿಶ್ರ ಗುಂಪಿನಲ್ಲಿ ಯಾವನೋ ಒಬ್ಬ ಗಂಡಸು ಕೆಳಗೂ ಇಲ್ಲ, ಮೇಲೂ ಇಲ್ಲ ಅನ್ನುವ ಹಾಗೆ ನಡುವೆ ಪಂಚಮದಲ್ಲಿ (ಪ) ಹಿಡಿದುಕೊಂಡು ಪೂರ್ತಿ ಹಾಡು ಮುಗಿಸುತ್ತಾನೆ. ಅವನಿಗೆ ತಾನು ಸರಿಯಾಗಿಯೇ ಹಾಡುತ್ತಿದ್ದೇನೆ ಅನ್ನಿಸುತ್ತಿರುತ್ತದೆ. ಮೊದಲು ಅಂಥವರನ್ನು ಹುಡುಕಿ.

ಗಿರಿಯ ಗಾಳಿ (ಚಿಕ್ಕಮಗಳೂರು)
ಪ್ರತಿ ಭಜನೆ ಮಂಡಳಿಯಲ್ಲೂ ಅಂಥ ಒಬ್ಬರು ಇದ್ದೇ ಇರುತ್ತಾರೆ. ಮುಂದಿನ ಸಾಲಿನಲ್ಲೇ ಕೂರುತ್ತಾರೆ, ಮೈಕ್ ಹತ್ತಿರ.

ಅರಕಲಗೂಡಿನವ
ನಿಜವಾದ ಯುನಿಸನ್ ಕೇಳಬೇಕು ಅಂದರೆ ಕಾಯರ್ ಬಿಡಿ, ತಂಬೂರಿ ಮುಂದೆ ಕೂರಿ. ನಾಲ್ಕು ತಂತಿಯಲ್ಲಿ ನಡುವಿನ ಎರಡು, ಸಾರಣಿ ಮತ್ತು ಅನುಸಾರಣಿ, ಎರಡೂ ಒಂದೇ ಷಡ್ಜ. ಒಂದಕ್ಕೊಂದು ಹತ್ತಿರ ಬಂದಿದೆ, ಇನ್ನೂ ಕೂಡಿಲ್ಲ ಅನ್ನುವಾಗ ಎರಡನ್ನೂ ಒಟ್ಟಿಗೆ ಮೀಟಿ ನೋಡಿ. ವಾಂ... ವಾಂ... ವಾಂ... ಅಂತ ದನಿ ಉಬ್ಬಿ ಇಳಿಯುತ್ತದೆ. ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಆ ಉಬ್ಬು ನಿಧಾನವಾಗುತ್ತದೆ. ಆಮೇಲೆ ಬಿರಡೆ ಮುಟ್ಟಬೇಡಿ, ಕುದುರೆಯ (ತಂತಿಗಳು ಹಾದುಹೋಗುವ ಪಟ್ಟಿ) ಕೆಳಗಿನ ಮಣಿ ಸರಿಸಿ. ಉಬ್ಬು ಇನ್ನೂ ಉದ್ದವಾಗುತ್ತದೆ, ಒಂದು ಉಸಿರಿಗೆ ಒಂದು. ಕೊನೆಗೆ ನಿಂತೇ ಹೋಗುತ್ತದೆ. ಎರಡು ತಂತಿ ಇದೆ ಅಂತಲೇ ಗೊತ್ತಾಗುವುದಿಲ್ಲ. ಆಮೇಲೆ ಕುದುರೆ ಮೇಲೆ ತಂತಿಯ ಅಡಿಗೆ ಜೀವಾಳದ ದಾರ ಸರಿಯಾದ ಜಾಗದಲ್ಲಿ ಇಟ್ಟರೆ ದನಿ ಬಿಚ್ಚಿಕೊಳ್ಳುತ್ತದೆ.

ನಮ್ಮ ತಾಲೂಕಿನ ರುದ್ರಪಟ್ಟಣದಲ್ಲಿ ತಂಬೂರಿ ಆಕಾರದಲ್ಲೇ ಒಂದು ಮಂದಿರ ಇದೆ, ಸಪ್ತಸ್ವರ ದೇವತಾ ಧ್ಯಾನ ಮಂದಿರ. ಕಟ್ಟಿಸಿದವರು ವಿದ್ವಾನ್ ಆರ್.ಕೆ. ಪದ್ಮನಾಭ. ಕಾವೇರಿ ದಡದ ಊರು. ಆರ್.ಕೆ. ಶ್ರೀಕಂಠನ್ ಅವರೂ ಆ ಊರಿನವರೇ. ರುದ್ರಪಟ್ಟಣ ಸಹೋದರರು ಅಂತ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಜೋಡಿಯ ಹಾಡು ಕೇಳಿ. ಇಬ್ಬರು ಕೂಡಿ ಹಾಡುವುದು ಅಂದರೆ ಏನು ಅಂತ ತಿಳಿಯುತ್ತದೆ.

ಲ್ಯಾಬ್ ಕೋಟು (ಹಾಸನ)
ಆ ಉಬ್ಬನ್ನು ಎಣಿಸಬಹುದು ಕೂಡ. ಒಂದು ತಂತಿ 220, ಇನ್ನೊಂದು 222 ಇದ್ದರೆ ಸೆಕೆಂಡಿಗೆ ಎರಡು ಉಬ್ಬು. 221 ಆದರೆ ಒಂದು. ವ್ಯತ್ಯಾಸ ಎಷ್ಟೋ ಉಬ್ಬು ಅಷ್ಟು. ಪಿಯಾನೋ ಟ್ಯೂನ್ ಮಾಡುವವರೂ ಇದೇ ಕೇಳಿಕೊಂಡು ಕೆಲಸ ಮಾಡುತ್ತಾರೆ. ಅದರಲ್ಲಿ ಹೆಚ್ಚಿನ ಮನೆಗಳಿಗೆ ಮೂರು ಮೂರು ತಂತಿ ಇರುತ್ತವೆ, ಮೂರೂ ಒಂದೇ ಸ್ವರ.

ಬಿ.ಎಂ. ರಸ್ತೆ (ಹಾಸನ)
ಒಂದು ದಡ್ಡ ಪ್ರಶ್ನೆ. ಮೂರೂ ಒಂದೇ ಸ್ವರ ಆದರೆ ಮೂರು ಯಾಕೆ ಬೇಕು? ಒಂದು ಸಾಲದಾ?

ಕಪ್ಪುಬಿಳಿ ಮನೆ (ಹಾಸನ)
ಗಟ್ಟಿಯಾಗಿ ಕೇಳಬೇಕಲ್ಲ ಗುರು. ಮ್ಯಾಂಡೊಲಿನ್‌ನಲ್ಲೂ ಹಾಗೇ, ಎಂಟು ತಂತಿ, ನಾಲ್ಕು ಜೋಡಿ. ಒಂದೊಂದು ಜೋಡಿಯೂ ಒಂದೇ ಸ್ವರ. ಅದರ ಮಿಂಚುವ ದನಿ ಬರುವುದೇ ಆ ಜೋಡಿಯಿಂದ.

ಹತ್ತು ಜನ ಹಾಡಿದರೆ ಒಬ್ಬರ ದನಿ ಹತ್ತು ಪಟ್ಟು ಜೋರು ಮಾಡಿದ ಹಾಗೆ ಕೇಳುವುದಿಲ್ಲ, ಅಲ್ವಾ? ಹತ್ತು ಜನರ ದನಿ ಅಂತ ಗೊತ್ತಾಗುತ್ತದೆ. ಎಷ್ಟೇ ಅಭ್ಯಾಸ ಮಾಡಿದರೂ ಒಬ್ಬರು ಚೂರು ಮೇಲೆ, ಒಬ್ಬರು ಚೂರು ಕೆಳಗೆ, ಒಬ್ಬರು ಒಂದು ಕ್ಷಣ ತಡ. ಕೀಬೋರ್ಡ್‌ನಲ್ಲಿ ಕೋರಸ್ ಅನ್ನುವ ಬಟನ್ ಇದೆ ನೋಡಿ, ಅದು ಈ ಸಣ್ಣ ಸಣ್ಣ ತಪ್ಪುಗಳನ್ನು ಬೇಕೆಂದೇ ಸೇರಿಸುವ ಯಂತ್ರ.

ಸರಳೆ ಜಂಟಿ (ಚಿಕ್ಕಮಗಳೂರು)
ಚೂರು ತಪ್ಪು ಚೆನ್ನ ಅಂತ ನನ್ನ ಕ್ಲಾಸಿನ ಮಕ್ಕಳ ಮುಂದೆ ಮಾತ್ರ ಹೇಳಬೇಡಿ ದಯವಿಟ್ಟು.

ತುಂಗೆ ತೀರ (ಶೃಂಗೇರಿ)
ನಮ್ಮೂರಿನಲ್ಲಿ ವೇದ ಪಾಠಶಾಲೆಯ ಮಕ್ಕಳು ಮಂತ್ರ ಹೇಳುವುದನ್ನು ಕೇಳುತ್ತಾ ಬೆಳೆದವನು ನಾನು. ಅಲ್ಲಿ ಅನುದಾತ್ತ, ಉದಾತ್ತ, ಸ್ವರಿತ ಅಂತ ಕೆಳಗೆ, ನಡುವೆ, ಮೇಲೆ ಬೆರಳೆಣಿಕೆಯಷ್ಟು ನೆಲೆ. ಹಾಗಾಗಿ ದನಿ ಸಾಲದು ಅನ್ನುವ ತೊಂದರೆ ಇಲ್ಲ. ಸಣ್ಣ ಹುಡುಗರು ಮೇಲಿನ ಸ್ಥಾಯಿ, ದನಿ ಒಡೆದ ಹುಡುಗರು ಮತ್ತು ಗುರುಗಳು ಕೆಳಗೆ. ಹೊರಗೆ ನಿಂತು ಕೇಳಿದರೆ ಒಂದೇ ಹರಿವು.

ಅಲ್ಲಿ ಗಮನಿಸಬೇಕಾದ್ದು ಉಸಿರು. ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಂಡರೆ ಮಂತ್ರ ತುಂಡಾಗುತ್ತದೆ. ಒಬ್ಬ ಉಸಿರು ಎಳೆಯುವಾಗ ಪಕ್ಕದವನು ಹೇಳುತ್ತಿರುತ್ತಾನೆ, ಇವನು ಮತ್ತೆ ಸೇರಿಕೊಂಡಾಗ ಅವನು ಉಸಿರು ಎಳೆಯುತ್ತಾನೆ. ಅದಕ್ಕೇ ಕೇಳುವವರಿಗೆ ಕೊನೆಯೇ ಇಲ್ಲ ಅನ್ನಿಸುತ್ತದೆ. ಹೇಮಾವತಿ ದಂಡೆಯವರೇ, ನಿಮ್ಮ ಗುಂಪಿಗೂ ಇದು ಹೇಳಿಕೊಡಿ. ನಾಡಗೀತೆಯ ಉದ್ದ ಸಾಲುಗಳಲ್ಲಿ ಎಲ್ಲರೂ ಒಂದೇ ಜಾಗದಲ್ಲಿ ಏದುಸಿರು ಬಿಟ್ಟರೆ ಮೈಕಿನಲ್ಲಿ ಗಾಳಿಯಷ್ಟೇ ಕೇಳುತ್ತದೆ.

ಕಪ್ಪುಬಿಳಿ ಮನೆ (ಹಾಸನ)
ನೂರಕ್ಕೆ ನೂರು ನಿಜ. ಕಾಯರ್‌ನಲ್ಲೂ ಇದೇ. ಪಕ್ಕದವರ ಜೊತೆ ಉಸಿರು ತೆಗೆದುಕೊಳ್ಳಬೇಡ ಅನ್ನುವುದು ಮೊದಲ ಪಾಠ.

ಗದ್ದೆ ಬದು (ಹೊಳೆನರಸೀಪುರ)
ಎಲ್ಲ ಸ್ವರದ ಮೇಲೇ ಯಾಕೆ ಮಾತಾಡುತ್ತಿದ್ದೀರಿ? ಕೋಲಾಟದಲ್ಲಿ ಎಲ್ಲರ ಕೋಲು ಒಂದೇ ಏಟಿಗೆ ಬಿದ್ದಾಗ ಬರುವ ಸದ್ದು ಯುನಿಸನ್ ಅಲ್ವಾ? ಡೊಳ್ಳು ಕುಣಿತದಲ್ಲಿ? ಅಲ್ಲಿ ಸ ಇಲ್ಲ, ಪ ಇಲ್ಲ. ಆದರೆ ಒಂದು ಡೊಳ್ಳು ಅರೆಕ್ಷಣ ತಪ್ಪಿದರೆ ಇಡೀ ಊರಿಗೆ ಗೊತ್ತಾಗುತ್ತದೆ.

ಅರಕಲಗೂಡಿನವ
ಅದು ತಾಳ ಕೂಡುವುದು, ಸ್ವರ ಕೂಡುವುದಲ್ಲ. ಎರಡನ್ನೂ ಒಂದೇ ಮಾಡಬೇಡಿ.

ಗದ್ದೆ ಬದು (ಹೊಳೆನರಸೀಪುರ)
ಕೇಳುವವರಿಗೆ ಎರಡೂ ಒಂದೇ ಅನುಭವ ಸ್ವಾಮಿ. ವೀರಗಾಸೆಯವರು ಒಟ್ಟಿಗೆ ಹೆಜ್ಜೆ ಇಟ್ಟಾಗ ಮೈ ಜುಮ್ಮೆನ್ನುತ್ತದಲ್ಲ, ಅಲ್ಲಿ ಯಾರ ಶ್ರುತಿ ಎಷ್ಟು ಅಂತ ಯಾರು ಕೇಳುತ್ತಾರೆ?

ಅರಕಲಗೂಡಿನವ
ಮೈ ಜುಮ್ಮೆನ್ನುವುದೆಲ್ಲ ಯುನಿಸನ್ ಆದರೆ ಗಟ್ಟಿಮೇಳವೂ ಯುನಿಸನ್ನೇ. ಪುರೋಹಿತರು ಕೈ ಎತ್ತಿದ ಕೂಡಲೇ ವಾಲಗದವರು, ಡೋಲಿನವರು, ಅಕ್ಷತೆ ಹಿಡಿದವರು, ವಿಡಿಯೋದವರು ಎಲ್ಲರೂ ಒಟ್ಟಿಗೆ ಸದ್ದು ಮಾಡುತ್ತಾರೆ. ಒಟ್ಟಿಗೆ ಅನ್ನುವುದು ಬೇರೆ, ಒಂದಾಗಿ ಅನ್ನುವುದು ಬೇರೆ.

ಘಾಟಿ ರಸ್ತೆ (ಸಕಲೇಶಪುರ)
ಅಕ್ಷತೆಯಲ್ಲಿ ಅರ್ಧ ಮುಂದೆ ಕುಳಿತವರ ತಲೆ ಮೇಲೆ. 😄

ಪಿ.ಟಿ. ಮೇಷ್ಟ್ರು (ನಿವೃತ್ತ, ಹಾಸನ)
ನನ್ನ ಸರ್ವಿಸ್ ಪೂರ್ತಿ ಆಗಸ್ಟ್ 15, ಜನವರಿ 26, ನವೆಂಬರ್ 1 ಅಂತ ಮಕ್ಕಳನ್ನು ಸಾಲು ನಿಲ್ಲಿಸಿದ್ದೇ ಆಯಿತು. ಜಿಲ್ಲಾ ಕ್ರೀಡಾಂಗಣದಲ್ಲಿ ರಾಷ್ಟ್ರಗೀತೆ ಹಾಡುವಾಗ ಹಿಂದಿನ ಸಾಲಿನ ಮಕ್ಕಳು ಯಾವಾಗಲೂ ತಡ. ವೇದಿಕೆ ಮೇಲಿನವರು ನನ್ನನ್ನೇ ಕೆಕ್ಕರಿಸಿ ನೋಡುತ್ತಿದ್ದರು. ಮಕ್ಕಳ ತಪ್ಪಿಲ್ಲ ಅಂತ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಲ್ಯಾಬ್ ಕೋಟು ಅವರೇ, ಲೆಕ್ಕ ನೀವೇ ಹೇಳಿ.

ಲ್ಯಾಬ್ ಕೋಟು (ಹಾಸನ)
ಮೇಷ್ಟ್ರೇ, ನಿಮ್ಮ ಮಕ್ಕಳು ನಿರಪರಾಧಿಗಳು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸ್ಪೀಕರ್ ವೇದಿಕೆ ಹತ್ತಿರ ಮಾತ್ರ ಇದ್ದು ಹಿಂದಿನ ಸಾಲು 100 ಮೀಟರ್ ದೂರ ಇದ್ದರೆ, ಹಾಡು ಅವರಿಗೆ ತಲುಪುವುದೇ ಸುಮಾರು 0.3 ಸೆಕೆಂಡ್ ತಡವಾಗಿ. ಅದನ್ನು ಕೇಳಿಕೊಂಡು ಅವರು ಹಾಡುತ್ತಾರೆ. ಅವರ ದನಿ ವಾಪಸ್ ವೇದಿಕೆಗೆ ಬರಲು ಮತ್ತೆ 0.3. ಒಟ್ಟು 0.6 ಸೆಕೆಂಡ್. ರಾಷ್ಟ್ರಗೀತೆಯ ವೇಗದಲ್ಲಿ ಅದು ಒಂದು ಅಕ್ಷರದಷ್ಟು ತಡ. ಅಂದರೆ ಅವರವರ ಜಾಗದಲ್ಲಿ ಎಲ್ಲರೂ ಸರಿಯಾಗಿ ಹಾಡಿದರೂ ವೇದಿಕೆಗೆ ಮಾತ್ರ ತಪ್ಪು ಕೇಳುತ್ತದೆ.

ಪರಿಹಾರ ಅಂದರೆ ಎಲ್ಲರೂ ಕಿವಿಯಿಂದಲ್ಲ, ಕಣ್ಣಿಂದ ತಾಳ ಹಿಡಿಯಬೇಕು. ಎತ್ತರದಲ್ಲಿ ಒಬ್ಬರು ನಿಂತು ಕೈಯಾಡಿಸಿದರೆ ಬೆಳಕಿಗೆ ತಡವೇ ಇಲ್ಲ. ಆಗಲೂ ಹಿಂದಿನವರ ದನಿ ವೇದಿಕೆಗೆ ಬರಲು 0.3 ಬೇಕೇ ಬೇಕು, ಆದರೆ ತಡ ಅರ್ಧಕ್ಕೆ ಇಳಿಯುತ್ತದೆ.

ಪಿ.ಟಿ. ಮೇಷ್ಟ್ರು (ನಿವೃತ್ತ, ಹಾಸನ)
ಇದನ್ನು ಆಗಲೇ ಯಾರಾದರೂ ಹೇಳಿದ್ದರೆ ಎಷ್ಟು ಬೈಗುಳ ತಪ್ಪುತ್ತಿತ್ತು!

ಘಾಟಿ ರಸ್ತೆ (ಸಕಲೇಶಪುರ)
ಮೇಷ್ಟ್ರ ಕವಾಯತು ನೆನಪಾಗಿ ಒಂದು ಮಾತು. 1831ರಲ್ಲಿ ಮ್ಯಾಂಚೆಸ್ಟರ್ ಹತ್ತಿರ ಬ್ರೌಟನ್ ಅನ್ನುವ ತೂಗು ಸೇತುವೆ ಮೇಲೆ ಸೈನಿಕರು ಒಂದೇ ಹೆಜ್ಜೆ ಹಾಕಿಕೊಂಡು ಹೋದಾಗ ಸೇತುವೆ ಕುಸಿಯಿತು. ಆಮೇಲೆ ಸೇತುವೆ ದಾಟುವಾಗ ಹೆಜ್ಜೆ ತಪ್ಪಿಸಿ ನಡೆಯಿರಿ ಅಂತ ಸೈನ್ಯದಲ್ಲಿ ಆದೇಶ ಬಂತು. ಎಲ್ಲ ಕಡೆ ಯುನಿಸನ್ ಒಳ್ಳೆಯದಲ್ಲ.

ಲ್ಯಾಬ್ ಕೋಟು (ಹಾಸನ)
ಅರ್ಧ ನಿಜ. ತನಿಖೆಯಲ್ಲಿ ಒಂದು ಬೋಲ್ಟ್ ಸರಿ ಇರಲಿಲ್ಲ ಅಂತಲೂ ಗೊತ್ತಾಯಿತು. ಹೆಜ್ಜೆಯೊಂದೇ ಕಾರಣ ಅಲ್ಲ.

ಇದಕ್ಕಿಂತ ಮಜಾ ಇರುವುದು ಲಂಡನ್ನಿನ ಮಿಲೇನಿಯಂ ಸೇತುವೆ. 2000ದಲ್ಲಿ ತೆರೆದರು. ಜನ ಅವರವರ ಪಾಡಿಗೆ ನಡೆಯುತ್ತಿದ್ದರು, ಯಾರೂ ಲೆಫ್ಟ್ ರೈಟ್ ಅನ್ನಲಿಲ್ಲ. ಸೇತುವೆ ಸ್ವಲ್ಪ ಪಕ್ಕಕ್ಕೆ ವಾಲಿತು. ಬೀಳದಿರಲಿ ಅಂತ ಎಲ್ಲರೂ ಕಾಲು ಅಗಲಿಸಿ ಅದರ ವಾಲಾಟಕ್ಕೆ ತಕ್ಕಂತೆ ಹೆಜ್ಜೆ ಇಟ್ಟರು. ಅದರಿಂದ ವಾಲಾಟ ಇನ್ನೂ ಜಾಸ್ತಿಯಾಯಿತು. ಎರಡೇ ದಿನಕ್ಕೆ ಮುಚ್ಚಿ, ಸರಿಪಡಿಸಿ 2002ರಲ್ಲಿ ಮತ್ತೆ ತೆರೆದರು. ಯಾರೂ ಮಾತಾಡಿಕೊಳ್ಳದೆ ಸಾವಿರಾರು ಜನ ಒಂದೇ ತಾಳಕ್ಕೆ ಬಂದಿದ್ದರು.

ಬಿ.ಎಂ. ರಸ್ತೆ (ಹಾಸನ)
ನಾಡಗೀತೆಯಿಂದ ಲಂಡನ್‌ಗೆ ಹೋದೆವು. ಚೆನ್ನಾಗಿದೆ.

ಪಲ್ಪರ್ ಹೌಸ್ (ಮೂಡಿಗೆರೆ)
ನನಗೆ ಸಂಗೀತ ಗೊತ್ತಿಲ್ಲ ಮಾರಾಯ್ರೆ. ಆದರೆ ಈ "ಒಕ್ಕೊರಲು" ಅನ್ನುವ ಮಾತು ಕೇಳಿದರೆ ಮೈ ಉರಿಯುತ್ತದೆ. ನಮ್ಮ ಕಡೆ ಒಂದು ಬೆಳೆಗಾರರ ಸಭೆ. ವಿಷಯ ಏನಂತ ಬೇಡ, ಹೆಸರೂ ಬೇಡ. ಮುಂದಿನ ಎರಡು ಸಾಲಿನವರು "ಹೌದು ಹೌದು" ಅಂದರು. ನಡುವಿನವರು ಫೋನ್ ನೋಡುತ್ತಿದ್ದರು. ಹಿಂದಿನವರು ಊಟದ ಕಡೆ ನೋಡುತ್ತಿದ್ದರು. ನಾನು ಕೈ ಎತ್ತಿದೆ, "ಆಮೇಲೆ ಮಾತಾಡೋಣ, ಊಟ ಆರುತ್ತೆ" ಅಂದರು. ಮರುದಿನ ಪೇಪರ್‌ನಲ್ಲಿ "ಬೆಳೆಗಾರರ ಒಕ್ಕೊರಲಿನ ಆಗ್ರಹ"! ನನ್ನ ಕೊರಳು ಎಲ್ಲಿ ಹೋಯಿತು?

ಗಿರಿಯ ಗಾಳಿ (ಚಿಕ್ಕಮಗಳೂರು)
ನಿಮ್ಮ ಕೊರಳು ಬಿರಿಯಾನಿ ಕಡೆ ಹೋಗಿತ್ತು. ಮುಚ್ಚಿಡಬೇಡಿ.

ಪಲ್ಪರ್ ಹೌಸ್ (ಮೂಡಿಗೆರೆ)
ಕಡುಬು, ಕೋಳಿ ಸಾರು. ಅದು ಬೇರೆ ವಿಷಯ.

ಡೆಸ್ಕ್ ಪಾಳಿ (ಹಾಸನ)
ಪತ್ರಿಕೆಯಲ್ಲಿ ಡೆಸ್ಕ್ ಕೆಲಸ ಮಾಡುವವನಾಗಿ ಒಂದು ಮಾತು. ಆ ಪದ ಹಾಕುವವರು ನಾವೇ. ವರದಿಗಾರ "ಸಭೆಯಲ್ಲಿದ್ದವರು ಒತ್ತಾಯಿಸಿದರು" ಅಂತ ಬರೆದು ಕಳಿಸುತ್ತಾನೆ. ಅಗಲ ಕಡಿಮೆ ಇರುವ ಹೆಡ್‌ಲೈನ್‌ಗೆ "ಒಕ್ಕೊರಲಿನ" ಸರಿಯಾಗಿ ಕೂರುತ್ತದೆ. ಅಲ್ಲಿ ಎಷ್ಟು ಕೊರಳು ಇದ್ದವು ಅಂತ ಯಾರೂ ಎಣಿಸುವುದಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಪುಟ ಮುಗಿಸಬೇಕಾದಾಗ ನಿಮ್ಮ ಎತ್ತಿದ ಕೈ ನೆನಪಿಗೆ ಬರುವುದಿಲ್ಲ ಸರ್.

ಸಭೆ ನಡೆಸುವವರಿಗೆ ಮಾತ್ರ ಇದರಲ್ಲಿ ವ್ಯತ್ಯಾಸ ಗೊತ್ತಿರಬೇಕು. ಸರ್ವಾನುಮತ ಅಂದರೆ ಒಬ್ಬರೂ ವಿರೋಧಿಸಲಿಲ್ಲ ಅಂತ. ಬಹುಮತ ಅಂದರೆ ಹೆಚ್ಚು ಜನ ಪರವಾಗಿದ್ದರು ಅಂತ. ವಿಧಾನಸಭೆಯ ಧ್ವನಿಮತ ಇನ್ನೊಂದು ಬಗೆ. ಹೌದು ಅನ್ನುವವರ ಸದ್ದು, ಇಲ್ಲ ಅನ್ನುವವರ ಸದ್ದು ಕೇಳಿ ಸಭಾಧ್ಯಕ್ಷರು ತೀರ್ಮಾನ ಹೇಳುತ್ತಾರೆ. ಒಪ್ಪದ ಸದಸ್ಯರು ಮತ ವಿಭಜನೆ ಕೇಳಬಹುದು, ಆಗ ತಲೆ ಎಣಿಸುತ್ತಾರೆ. ನೀವೂ ಎಣಿಸಿ ಅಂತ ಕೇಳಬೇಕಿತ್ತು.

ಪಲ್ಪರ್ ಹೌಸ್ (ಮೂಡಿಗೆರೆ)
ಕೇಳಿದ್ದರೆ "ಇವನೊಬ್ಬ ಅಪಸ್ವರ" ಅನ್ನುತ್ತಿದ್ದರು. ಮುಂದಿನ ಸಭೆಗೆ ಕರೆಯುವುದೇ ಇಲ್ಲ.

ಅರಕಲಗೂಡಿನವ
ಸಂಗೀತದಲ್ಲಿ ಹಾಗಲ್ಲ. ಪಿಟೀಲಿನವರು ಆಲಾಪನೆಯಲ್ಲಿ ಹಾಡುವವರ ಹಿಂದೆ ಒಂದು ಹೆಜ್ಜೆ ತಡವಾಗಿ ಬರುತ್ತಾರೆ. ಹಾಡಿದ್ದನ್ನೇ ನುಡಿಸಿದರೂ ಅಷ್ಟಕ್ಕಷ್ಟೇ ನುಡಿಸುವುದಿಲ್ಲ. ಕೊನೆಗೆ ತಮ್ಮದೊಂದು ಸಂಗತಿ ಸೇರಿಸುತ್ತಾರೆ. ಹಾಡುವವರು ತಲೆದೂಗುತ್ತಾರೆ. ಕೃತಿ ಶುರುವಾದಾಗ ಇಬ್ಬರೂ ಕೂಡುತ್ತಾರೆ. ಉತ್ತರಾದಿಯಲ್ಲಿ ಸಾರಂಗಿಯವರೂ ಹೀಗೇ ನೆರಳಿನ ಹಾಗೆ ಹಿಂಬಾಲಿಸುತ್ತಾರೆ. ಪೂರ್ತಿ ಯುನಿಸನ್ ಅಲ್ಲ, ಆದರೂ ಯಾರೂ ಅಪಸ್ವರ ಅನ್ನುವುದಿಲ್ಲ.

ಪಲ್ಪರ್ ಹೌಸ್ (ಮೂಡಿಗೆರೆ)
ನಮ್ಮ ಸಂಘದ ಅಧ್ಯಕ್ಷರಿಗೆ ಪಿಟೀಲು ಕಚೇರಿ ತೋರಿಸಬೇಕು ಹಾಗಾದರೆ.

ಬಾಯಾಡಿಸುವವ (ಚನ್ನರಾಯಪಟ್ಟಣ)
ನಾನು ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಸ್ಕೂಲಿನಲ್ಲಿ ಸಮೂಹಗಾನಕ್ಕೆ ಆಯ್ಕೆಯಾಗಿದ್ದೆ. ಆಮೇಲೆ "ನೀನು ದನಿ ತೆಗೆಯಬೇಡ, ಬಾಯಾಡಿಸು ಸಾಕು, ಎತ್ತರ ಇದ್ದೀಯ ಹಿಂದೆ ನಿಲ್ಲು" ಅಂದರು. ಆವತ್ತಿನಿಂದ ದೇವಸ್ಥಾನದಲ್ಲಿ ಮಂಗಳಾರತಿ ಹಾಡಿಗೂ ಬಾಯಾಡಿಸುತ್ತೇನೆ. ನನ್ನಂಥವರಿಗೆ ಶ್ರುತಿ ಸೇರಲು ಸಾಧ್ಯವೇ ಇಲ್ಲವಾ?

ಸರಳೆ ಜಂಟಿ (ಚಿಕ್ಕಮಗಳೂರು)
ಹಾಗೆ ಹೇಳಿದವರ ಮೇಲೆ ನನಗೆ ಸಿಟ್ಟು ಬರುತ್ತಿದೆ. ಸ್ವರವೇ ಗುರುತಿಸಲಾಗದವರು ಇದ್ದಾರೆ, ಆದರೆ ತೀರಾ ಕಡಿಮೆ. ನಿಮಗೆ ಆಗ ಎಷ್ಟು ವಯಸ್ಸು? ಎತ್ತರ ಅಂದಿರಿ, ಹೈಸ್ಕೂಲ್ ಇರಬೇಕು. ಆ ವಯಸ್ಸಿನಲ್ಲಿ ಹುಡುಗರ ದನಿ ಒಡೆಯುತ್ತದೆ, ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗೆ ಇಳಿಯುತ್ತದೆ. ಮೇಡಂ ಮೇಲಿನ ಸ್ಥಾಯಿಯಲ್ಲಿ ಹಾಡಿಕೊಡುತ್ತಾರೆ, ಪಕ್ಕದ ಹುಡುಗಿಯರೂ ಅಲ್ಲೇ. ನಿಮ್ಮ ದನಿ ಅಲ್ಲಿಗೆ ಹತ್ತುವುದಿಲ್ಲ, ಕೆಳಗಿನದು ಎಲ್ಲಿದೆ ಅಂತ ಯಾರೂ ತೋರಿಸುವುದಿಲ್ಲ. ಹುಡುಗ ನಡುವೆ ಎಲ್ಲೋ ತಡಕಾಡುತ್ತಾನೆ. ಇವನಿಗೆ ಸಂಗೀತ ಬರಲ್ಲ ಅಂತ ಮುದ್ರೆ ಬೀಳುತ್ತದೆ.

ಈಗ ಹೀಗೆ ಮಾಡಿ. ಫೋನ್‌ನಲ್ಲಿ ತಂಬೂರಿ ಆ್ಯಪ್ ಹಾಕಿ, ಬಿಳಿ 1 ಅಥವಾ ಕಪ್ಪು 1 ಇಡಿ. ಹಾಡಬೇಡಿ. ಬಾಯಿ ಮುಚ್ಚಿ "ಮ್" ಅಂತ ಗುನುಗಿ. ಕೆಳಗಿಂದ ನಿಧಾನವಾಗಿ ಮೇಲೆ ಹೋಗಿ. ಒಂದು ಕಡೆ ಎದೆಯಲ್ಲಿ ಸಣ್ಣಗೆ ನಡುಕ ಬಂದು ತಂಬೂರಿಯ ದನಿ ಮಾಯವಾದ ಹಾಗೆ ಅನ್ನಿಸುತ್ತದೆ. ಅಲ್ಲಿ ನಿಲ್ಲಿ. ಅದು ನಿಮ್ಮ ಷಡ್ಜ. ದಿನಾ ಐದು ನಿಮಿಷ ಮಾಡಿದರೆ ಸಾಕು. ಆಮೇಲೆ ಗುಂಪಿನಲ್ಲಿ ನಿಲ್ಲುವಾಗ ಗಟ್ಟಿಯಾಗಿ ಹಾಡುವ ಒಬ್ಬ ಗಂಡಸಿನ ಪಕ್ಕ ನಿಲ್ಲಿ, ಹೆಂಗಸರ ಪಕ್ಕ ಅಲ್ಲ.

ಬಾಯಾಡಿಸುವವ (ಚನ್ನರಾಯಪಟ್ಟಣ)
ಈಗಷ್ಟೇ ಮಾಡಿ ನೋಡಿದೆ ಅಕ್ಕಾ. ಮನೆಯವಳು ಬಂದು "ಏನು ಮೋಟಾರ್ ಆನ್ ಆಗಿದೆಯಾ" ಅಂತ ಕೇಳಿದಳು. ಆದರೆ ಆ ನಡುಕ ಸಿಕ್ಕಿತು!

ಅಡಿಕೆ ಚಪ್ಪರ (ಕೊಪ್ಪ)
ನಮ್ಮ ಅಂಟಿಗೆ-ಪಂಟಿಗೆ ಬಗ್ಗೆ ಯಾರೂ ಹೇಳಲೇ ಇಲ್ಲ. ದೀಪಾವಳಿ ರಾತ್ರಿ ದೀಪ ಹಿಡಿದು ಮನೆ ಮನೆಗೆ ಹೋಗಿ ಹಾಡುತ್ತೇವೆ. ಮುಂದಿನವರು ಒಂದು ಸಾಲು ಹೇಳುತ್ತಾರೆ, ಹಿಂದಿನವರು ಎತ್ತಿಕೊಳ್ಳುತ್ತಾರೆ. ಮುಂದಿನವರ ಕೊನೆಯ ಅಕ್ಷರ ಮುಗಿಯುವ ಮುಂಚೆಯೇ ನಾವು ಹಿಡಿದಿರುತ್ತೇವೆ. ಹಾಗಾಗಿ ಗದ್ದೆ ದಾಟಿ, ತೋಟ ದಾಟಿ ಮುಂದಿನ ಮನೆ ತಲುಪುವವರೆಗೂ ಹಾಡು ಕಡಿಯುವುದಿಲ್ಲ. ಶ್ರುತಿ ಪೆಟ್ಟಿಗೆ ಇಲ್ಲ, ಕೀಬೋರ್ಡ್ ಇಲ್ಲ. ಮುಂದೆ ಹಾಡುವ ಅಜ್ಜ ಎಲ್ಲಿ ಹಿಡಿದರೋ ಅದೇ ಶ್ರುತಿ. ರಾತ್ರಿ ಒಂದು ಗಂಟೆಗೆ ಅವರ ಗಂಟಲು ಕಟ್ಟಿ ಶ್ರುತಿ ಇಳಿಯುತ್ತದೆ. ಎಲ್ಲರೂ ಅವರ ಜೊತೆಗೇ ಇಳಿಯುತ್ತಾರೆ, ಯಾರಿಗೂ ಗೊತ್ತೇ ಆಗುವುದಿಲ್ಲ.

ಲ್ಯಾಬ್ ಕೋಟು (ಹಾಸನ)
ಇದು ವಾದ್ಯ ಇಲ್ಲದೆ ಹಾಡುವ ಎಲ್ಲ ಗುಂಪುಗಳಲ್ಲೂ ಆಗುತ್ತದೆ. ಎಲ್ಲರೂ ಒಟ್ಟಿಗೆ ಇಳಿದರೆ ಹೊರಗಿನವರಿಗೂ ತಿಳಿಯುವುದು ಕಷ್ಟ. ಕೊನೆಯಲ್ಲಿ ಯಾರಾದರೂ ಹಾರ್ಮೋನಿಯಂ ಒತ್ತಿದರೆ ಮಾತ್ರ ಮಾನ ಹೋಗುತ್ತದೆ.

ಗದ್ದೆ ಬದು (ಹೊಳೆನರಸೀಪುರ)
ಬೇಲೂರು, ಹಳೇಬೀಡಿನಲ್ಲಿ ಎಷ್ಟು ಮದ್ದಳೆ, ಎಷ್ಟು ತಾಳ ಹಿಡಿದವರ ಶಿಲ್ಪ ಇದೆ. ಬೇಲೂರು ಚೆನ್ನಕೇಶವ ದೇವಸ್ಥಾನ 1117ರದು. ಆ ಕಾಲದಲ್ಲೇ ನಮ್ಮ ಜಿಲ್ಲೆಯವರು ಕೂಡಿ ಬಾರಿಸುತ್ತಿದ್ದರು ಅಂತ ಅರ್ಥ.

ಅರಕಲಗೂಡಿನವ
ಕೂಡಿ ಬಾರಿಸುತ್ತಿದ್ದರೋ, ಸರದಿ ಮೇಲೆ ಬಾರಿಸುತ್ತಿದ್ದರೋ ಕಲ್ಲು ಹೇಳುವುದಿಲ್ಲ. ಸುಮ್ನೆ ಎಲ್ಲದಕ್ಕೂ ಹೊಯ್ಸಳರನ್ನು ಎಳೆಯಬೇಡಿ.

ನಿರ್ವಾಹಕ
ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಆಗಬೇಡಿ. ಶಿಲ್ಪದ ಚರ್ಚೆಗೆ ಬೇರೆ ಎಳೆ ಶುರು ಮಾಡಿ.

ಹೇಮಾವತಿ ದಂಡೆ (ಹಾಸನ)
ಎಲ್ಲರಿಗೂ ಧನ್ಯವಾದ. ಟೀಚರ್‌ಗೂ ಹುಡುಗನಿಗೂ ಈ ಎಳೆ ತೋರಿಸಿದೆ. ಇಬ್ಬರೂ ತಾವೇ ಗೆದ್ದೆವು ಅಂದುಕೊಂಡಿದ್ದಾರೆ, ನನಗೆ ಅಷ್ಟೇ ಸಾಕು. ಇನ್ನು ಶ್ರುತಿ ಹೇಳಿ. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೇ ಗಟ್ಟಿ ಮಾಡಿ, ಎರಡೂವರೆ ನಿಮಿಷ ಅಂತ ಕಾಲವನ್ನೂ ಗೊತ್ತು ಮಾಡಿದೆ. ಹಾಗಾಗಿ ಧಾಟಿಯ ಜಗಳ ಇಲ್ಲ. ಎಲ್ಲಿ ಹಿಡಿಯಬೇಕು ಅನ್ನುವುದೊಂದೇ ಬಾಕಿ.

ಸರಳೆ ಜಂಟಿ (ಚಿಕ್ಕಮಗಳೂರು)
ಸಾಮಾನ್ಯವಾಗಿ ಹೆಂಗಸರ ಷಡ್ಜ ಬಿಳಿ 5ರಿಂದ ಬಿಳಿ 6, ಗಂಡಸರದು ಬಿಳಿ 1ರಿಂದ ಬಿಳಿ 2. ಅಂದರೆ ಹೆಂಗಸರ ಷಡ್ಜ ಗಂಡಸರ ಪಂಚಮದ ಹತ್ತಿರ ಬಂದು ಕೂರುತ್ತದೆ. ನಾನು ಮೊದಲು ಹೇಳಿದ ಆ ಪಂಚಮದ ಮನುಷ್ಯ ಹುಟ್ಟುವುದೇ ಇಲ್ಲಿ.

ಶ್ರುತಿಯಿಂದ ಶುರು ಮಾಡಬೇಡಿ. ಹಾಡಿನ ತೀರಾ ಮೇಲಿನ ಸ್ವರ ಯಾವುದು, ತೀರಾ ಕೆಳಗಿನದು ಯಾವುದು ನೋಡಿ. ಕಲಿಯದ ಹೆಂಗಸರು ಮೇಲೆ ಬಿಳಿ 2, ಹೆಚ್ಚೆಂದರೆ ಬಿಳಿ 3ರವರೆಗೆ ಆರಾಮಾಗಿ ಹೋಗುತ್ತಾರೆ. ಅದನ್ನು ದಾಟಿದರೆ ಕಿರುಚಾಟ. ಮೇಲಿನ ತುದಿಯನ್ನು ಅಲ್ಲಿ ಕಟ್ಟಿ, ಷಡ್ಜ ತಾನಾಗಿ ಸಿಗುತ್ತದೆ. ನನ್ನ ಊಹೆ ಬಿಳಿ 6ರ ಆಸುಪಾಸು. ಗಂಡಸರು ಅದೇ ಷಡ್ಜದ ಕೆಳ ಸ್ಥಾಯಿ.

ಕಪ್ಪುಬಿಳಿ ಮನೆ (ಹಾಸನ)
ಬಿಳಿ 6 ಅಂದರೆ ಗಂಡಸರ ಷಡ್ಜ 110 ಹರ್ಟ್ಜ್. ಅದರ ಕೆಳಗೆ ಒಂದೆರಡು ಸ್ವರ ಇಳಿದರೂ ಅರ್ಧ ಜನರ ದನಿ ಸಿಗುವುದಿಲ್ಲ. ಕಪ್ಪು 5 ಇಡಿ, ಎರಡು ಕಡೆಯವರಿಗೂ ಸ್ವಲ್ಪ ಸ್ವಲ್ಪ ಕಷ್ಟ ಹಂಚಿದ ಹಾಗಾಗುತ್ತದೆ. ಕೆಳಗಿನ ಸಾಲು ಬಂದಾಗ ಗಂಡಸರು ಮೆತ್ತಗೆ ಹಾಡಲಿ, ಹೆಂಗಸರು ಹೊತ್ತುಕೊಳ್ಳುತ್ತಾರೆ.

ಪಿ.ಟಿ. ಮೇಷ್ಟ್ರು (ನಿವೃತ್ತ, ಹಾಸನ)
ಹೈಸ್ಕೂಲ್ ಹುಡುಗರನ್ನು ಗಂಡಸರ ಪಕ್ಕ ನಿಲ್ಲಿಸಿ. ಅಕ್ಕ ಹೇಳಿದ್ದು ಕೇಳಿಸಿತಲ್ಲ. ಮೈಕ್ ಎಷ್ಟಿದೆ?

ಹೇಮಾವತಿ ದಂಡೆ (ಹಾಸನ)
ಎರಡು. ಒಂದು ಹೆಂಗಸರಿಗೆ, ಒಂದು ಗಂಡಸರಿಗೆ ಅಂದುಕೊಂಡಿದ್ದೇವೆ.

ಡೆಸ್ಕ್ ಪಾಳಿ (ಹಾಸನ)
ಒಂದನ್ನು ಅಧ್ಯಕ್ಷರು ಭಾಷಣಕ್ಕೆ ಅಂತ ಹಿಡಿದುಕೊಂಡು ಹೋಗುತ್ತಾರೆ, ಈಗಲೇ ಹೇಳಿದ್ದೇನೆ. ಮೂರನೆಯದು ಬಾಡಿಗೆಗೆ ಹೇಳಿಡಿ.